ಮಲೆನಾಡಿನ ಹಾಸ್ಟೆಲ್‌ಗೆ ಬಟ್ಟೆ ಒಣಗಿಸೋ ಜಾಗ ಯಾಕಿಲ್ಲ?

ಆರಿದ್ರೆ ಮಳೆ ಆರದೆ ಹುಯ್ಯುತ್ತೆ ಅನ್ನೋ ಗಾದೆ ಈ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹಾಸ್ಟೆಲ್ ನಕ್ಷೆ ಬರೆಯೋ ಇಂಜಿನಿಯರಿಗೆ ಮಾತ್ರ ಯಾಕೆ ಗೊತ್ತಾಗಲ್ಲ? ಜೂನ್ ಕೊನೆಗೆ ಆರಿದ್ರೆ, ಜುಲೈನಲ್ಲಿ ಪುನರ್ವಸು, ಪುಷ್ಯ, ಆಗಸ್ಟ್ ಮಧ್ಯದವರೆಗೆ ಆಶ್ಲೇಷ. ಹೆಚ್ಚುಕಮ್ಮಿ ಎಂಟು ವಾರ ಸರಿಯಾದ ಬಿಸಿಲು ಕಾಣಲ್ಲ. ಇದು ಯಾವತ್ತೋ ಒಂದು ಸಲ ಬಂದು ಹೋಗೋ ನೆರೆ ಅಲ್ಲ, ಪ್ರತಿ ವರ್ಷದ್ದು. ಶಿವಮೊಗ್ಗ ಪೇಟೆಯಲ್ಲಿ ಮಳೆ ಕಡಿಮೆ, ನಿಜ. ಅಲ್ಲಿಂದ ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರದ ಕಡೆ ಹೋದಷ್ಟೂ ಜೋರು. ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು. ಇಂಥ ಜಾಗದಲ್ಲಿ ಕಾಡಿನ ಅಂಚಿಗೆ ಕ್ಯಾಂಪಸ್ ಮಾಡಿ, ನೂರಾರು ಮಕ್ಕಳನ್ನ ಹಾಸ್ಟೆಲ್‌ನಲ್ಲಿ ಇಟ್ಟುಕೊಳ್ತಾರೆ. ಬಳ್ಳಾರಿಯಲ್ಲಿ, ರಾಯಚೂರಲ್ಲಿ ಕಟ್ಟೋ ನಕ್ಷೆಯನ್ನೇ ತಂದು ಇಲ್ಲೂ ಕಟ್ತಾರೆ. ಚಪ್ಪಟೆ ತಾರಸಿ, ಒಂದೂವರೆ ಅಡಿ ಸಜ್ಜ, ಬಟ್ಟೆ ಒಣಗಿಸೋಕೆ ತಾರಸಿ ಮೇಲೆ ನಾಲ್ಕು ತಂತಿ. ಮುಗೀತು.

ಬಟ್ಟೆ ಲೆಕ್ಕ ಒಂದು ನೋಡಿ. ನಾಲ್ಕು ಜನರ ಕೋಣೆ. ಒಬ್ಬೊಬ್ಬರೂ ಒಂದು ಬಕೆಟ್ ಬಟ್ಟೆ ಒಗೆದರು ಅಂದುಕೊಳ್ಳಿ, ಒಣಗಿದ್ದಾಗ ಸುಮಾರು 2 ಕೆ.ಜಿ. ತೂಗೋ ಬಟ್ಟೆ. ಕೈಯಲ್ಲಿ ಎಷ್ಟೇ ಬಿಗಿಯಾಗಿ ಹಿಂಡಿದರೂ ಹತ್ತಿ ಬಟ್ಟೆಯಲ್ಲಿ ಹತ್ತಿರ ಹತ್ತಿರ ಅದರ ತೂಕದಷ್ಟೇ ನೀರು ಉಳಿಯುತ್ತೆ. ನಾಲ್ವರದ್ದೂ ಸೇರಿದರೆ 8 ಲೀಟರ್ ನೀರು. ತಾರಸಿ ಮೇಲೆ ಹಾಕೋ ಹಾಗಿಲ್ಲ, ಕಾರಿಡಾರಿನಲ್ಲಿ ಹಾಕಿದರೆ ಇರಚಲು ಹೊಡೆಯುತ್ತೆ, ಅದೂ ಅಲ್ಲದೆ ಕಾರಿಡಾರಿನಲ್ಲಿ ಹಗ್ಗ ಕಟ್ಟಬಾರದು ಅಂತ ನೋಟಿಸ್ ಬೇರೆ. ಉಳಿದದ್ದು ಕೋಣೆ. ಕಿಟಕಿ ಸರಳಿಂದ ಬಾಗಿಲ ಚಿಲಕಕ್ಕೆ, ಅಲ್ಲಿಂದ ಫ್ಯಾನಿನ ಕೊಕ್ಕೆಗೆ ಹಗ್ಗ. ಆ 8 ಲೀಟರ್ ಆವಿಯಾಗಿ ಎಲ್ಲಿಗೆ ಹೋಗಬೇಕು? ಹೊರಗಿನ ಗಾಳಿಯೇ ನೀರು ಕುಡಿದು ತುಂಬಿರುತ್ತೆ, ಇನ್ನಷ್ಟು ಹಿಡಿಯಲ್ಲ. ಕಿಟಕಿ ತೆರೆದರೆ ಹಾಸಿಗೆ ನೆನೆಯುತ್ತೆ, ಮುಚ್ಚಿದರೆ ಒಳಗಿನ ಪಸೆ ಒಳಗೇ ಸುತ್ತುತ್ತೆ. ಗೋಡೆಗೆ, ಹಾಸಿಗೆಯ ಹತ್ತಿಗೆ, ಕಬೋರ್ಡಿನ ಪ್ಲೈವುಡ್‌ಗೆ ಇಳಿಯುತ್ತೆ. ಮಂಚದ ಕೆಳಗಿಟ್ಟ ಸೂಟ್‌ಕೇಸಿನ ಬೆಲ್ಟಿಗೆ, ಚಪ್ಪಲಿಗೆ, ಜೆರಾಕ್ಸ್ ನೋಟ್ಸಿನ ಅಂಚಿಗೆ ಹಸಿರು ಬೂಷ್ಟು ಬರುತ್ತೆ. ಜೀನ್ಸ್ ಪ್ಯಾಂಟ್ ಮೂರು ದಿನಕ್ಕೂ ಒಣಗಲ್ಲ. ನಾಲ್ಕನೇ ದಿನಕ್ಕೆ ಅದರ ಸೊಂಟದ ಪಟ್ಟಿ, ಜೇಬಿನ ಒಳಗು ಮುಗ್ಗಲು ವಾಸನೆ ಹೊಡೆಯೋಕೆ ಶುರು. ಆಗ ಮತ್ತೆ ಒಗೀಬೇಕು, ಮತ್ತೆ ಅದೇ ಕಥೆ.

ಇಲ್ಲಿನ ಯಾವುದೇ ಹಳ್ಳಿ ಮನೆಗೆ ಹೋಗಿ ನೋಡಿ. ಬಚ್ಚಲೊಲೆ ಮೇಲೆ ತಂತಿ ಕಟ್ಟಿರ್ತಾರೆ, ಅಡಿಕೆ ಸಿಪ್ಪೆ ಉರಿಯೋ ಬಿಸಿಗೆ ರಾತ್ರಿ ಹಾಕಿದ ಬಟ್ಟೆ ಬೆಳಿಗ್ಗೆ ಗರಿಗರಿ ಆಗಿರುತ್ತೆ. ಜಗಲಿಗೆ ಮಳೆಗಾಲ ಬರೋ ಮೊದಲೇ ಸೋಗೆ ತಟ್ಟಿ ಕಟ್ಟಿ ಇರಚಲು ತಡೀತಾರೆ. ತಾರಸಿ ಮನೆ ಕಟ್ಟಿದವರು ಒಂದೆರಡು ಮಳೆಗಾಲ ಕಳೆದ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಇಳಿಜಾರಾಗಿ ಶೀಟ್ ಹೊದಿಸ್ತಾರೆ. ತಾರಸಿ ಸೋರೋದೂ ನಿಲ್ಲುತ್ತೆ, ಬಟ್ಟೆ, ಸೌದೆ, ಅಡಿಕೆ ಎಲ್ಲದಕ್ಕೂ ಜಾಗ ಆಗುತ್ತೆ. ಈ ಬುದ್ಧಿಗೆ ಡಿಗ್ರಿ ಬೇಕಾಗಿಲ್ಲ. ಡಿಗ್ರಿ ಕೊಡೋ ಜಾಗದಲ್ಲೇ ಈ ಬುದ್ಧಿ ಇಲ್ಲ ಅನ್ನೋದೇ ಹೊಟ್ಟೆ ಉರಿಸೋದು.

ಈಗ ತಾರಸಿ ವಿಷಯ. 1,000 ಚದರಡಿ ತಾರಸಿ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,300 ಲೀಟರಿಗೂ ಹೆಚ್ಚು ನೀರು. ಮಲೆನಾಡಲ್ಲಿ ಒಂದು ಅಂಗುಲ ಅನ್ನೋದು ಜೋರು ಮಳೆಯೂ ಅಲ್ಲ. ಇಷ್ಟು ನೀರು ಹೊರಗೆ ಹೋಗೋಕೆ ಪ್ಯಾರಾಪೆಟ್ ಬುಡದಲ್ಲಿ ಎರಡು ಅಂಗುಲದ ಪೈಪು ಇಟ್ಟಿರ್ತಾರೆ, ಅದೂ ದೂರಕ್ಕೊಂದು. ಸುತ್ತ ಅಕೇಶಿಯಾ ಮರ. ಅದರ ಉದ್ದನೆಯ ಒಣ ಎಲೆ ನಾಲ್ಕು ಬಂದು ಪೈಪಿನ ಬಾಯಿಗೆ ಅಡ್ಡ ಕೂತರೆ ಸಾಕು, ತಾರಸಿ ಕೆರೆಯಾಗುತ್ತೆ. ನಿಂತ ನೀರು ಕಾಂಕ್ರೀಟಿನ ಸಣ್ಣ ಬಿರುಕು ಹಿಡಿದು ಇಳಿದು ಒಳಗಿನ ಕಬ್ಬಿಣ ಮುಟ್ಟುತ್ತೆ. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತೆ, ಉಬ್ಬಿದಾಗ ಕೆಳಗಿನ ಸಿಮೆಂಟಿನ ಹೊದಿಕೆಯನ್ನ ಒತ್ತಿ ಬಿಡಿಸುತ್ತೆ. ಮಂಚದ ಮೇಲೆ ಚೂರುಚೂರಾಗಿ ಗಾರೆ ಉದುರೋದು ಇದೇ ಕಾರಣಕ್ಕೆ. ಅದನ್ನ ಬರೀ ಸೋರಿಕೆ ಅಂತ ಬರೆದುಕೊಂಡು ಹೋಗೋರಿಗೆ ಒಂದು ಮಾತು ಹೇಳಬೇಕು: ಸ್ಲಾಬಿನ ಅಡಿಯಲ್ಲಿ ಕಂದು ಬಣ್ಣದ ಗೆರೆ ಸರಳು ಹೋದ ದಾರಿಯಲ್ಲೇ ಉದ್ದಕ್ಕೆ ಕಂಡರೆ ಅದು ಸೋರಿಕೆಯ ಹಂತ ದಾಟಿದೆ. ಆ ಮಂಚ ಅವತ್ತೇ ಜರುಗಿಸಬೇಕು, ಫೋಟೋ ತೆಗೆದು ದಿನಾಂಕ ಹಾಕಿ ಲಿಖಿತವಾಗಿ ಕೊಡಬೇಕು.

ರಿಪೇರಿ ಯಾವಾಗ ಮಾಡ್ತಾರೆ? ಇಲ್ಲೇ ಇರೋದು ದೊಡ್ಡ ಅನ್ಯಾಯ. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಬೇಕಾದರೆ ಸ್ಲಾಬು ಒಳಗಿಂದ ಒಣಗಿರಬೇಕು. ಜನವರಿಯಿಂದ ಮೇ ಮೊದಲ ವಾರದವರೆಗೆ ಅದಕ್ಕೆ ಸಮಯ. ಆದರೆ ಹಳೇ ಬಜೆಟ್ ಮಾರ್ಚ್ 31ಕ್ಕೆ ಮುಗಿಯುತ್ತೆ, ಹೊಸದು ಏಪ್ರಿಲ್‌ನಲ್ಲಿ ಶುರುವಾಗುತ್ತೆ, ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಅಂತ ಓಡಾಡಿ ಕಂಟ್ರಾಕ್ಟರ್ ಏಣಿ ತರೋ ಹೊತ್ತಿಗೆ ಮೃಗಶಿರ ಮಳೆ ಬಂದಿರುತ್ತೆ. 'ಮಳೆ ನಿಲ್ಲಲಿ' ಅಂತಾರೆ. ಮಳೆ ನಿಲ್ಲೋದು ಅಕ್ಟೋಬರಿಗೆ. ಆಗ ಬಂದು ಮಾಡೋದೇನು? ಗೋಡೆಗೆ ಬಣ್ಣ! ಗೋಡೆ ಒಳಗೆ ಇನ್ನೂ ನೀರು ಇರುತ್ತೆ, ಮೇಲೆ ಡಿಸ್ಟೆಂಪರ್ ಬಳೀತಾರೆ. ಒಳಗಿನ ನೀರು ಹೊರಗೆ ಬರೋವಾಗ ಇಟ್ಟಿಗೆ, ಗಾರೆಯ ಉಪ್ಪನ್ನ ಹೊತ್ತು ತರುತ್ತೆ, ಬಣ್ಣದ ಹಿಂದೆ ಬಿಳಿ ಪುಡಿಯಾಗಿ ಕೂರುತ್ತೆ, ಜನವರಿಗೆಲ್ಲ ಬಣ್ಣ ಚಕ್ಕೆ ಎದ್ದು ಉದುರುತ್ತೆ. ನೀರು ಬರೋ ದಾರಿ ಮುಚ್ಚದೆ ಗೋಡೆಗೆ ಬಣ್ಣ ಬಳಿಯೋದು ದುಡ್ಡು ಹೊಳೆಗೆ ಸುರಿದ ಹಾಗೆ. ಅದು ವಿದ್ಯಾರ್ಥಿಗಳ ಶುಲ್ಕದ ದುಡ್ಡು. ಹಾಸ್ಟೆಲ್ ರಸೀದಿಯಲ್ಲಿ ನಿರ್ವಹಣೆ ಅಂತ ಒಂದು ಸಾಲು ಇರುತ್ತಲ್ಲ, ಅದೇ.

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ವಿಷಯ. ಚರ್ಮ. ಒದ್ದೆ ಒಳ ಉಡುಪು, ಅರೆ ಒಣಗಿದ ಜೀನ್ಸ್ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆತನಕ ಬೆಂಚಿನ ಮೇಲೆ ಕೂತರೆ ತೊಡೆಸಂದಿಯಲ್ಲಿ, ಸೊಂಟದಲ್ಲಿ ಹುಳುಕಡ್ಡಿ ಏಳುತ್ತೆ. ದುಂಡಗೆ, ಅಂಚು ಕೆಂಪಗೆ, ನಡುವೆ ತಿಳಿ. ರಾತ್ರಿ ತುರಿಕೆಗೆ ನಿದ್ದೆ ಇರಲ್ಲ. ಇದನ್ನ ಮನೆಯಲ್ಲಿ ಹೇಳೋಕೆ ನಾಚಿಕೆ, ವಾರ್ಡನ್ ಹತ್ತಿರ ಹೇಳೋಕೆ ಇನ್ನೂ ನಾಚಿಕೆ, ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಅಂತೂ ಕೇಳಲೇಬೇಡಿ. ಮೆಡಿಕಲ್ ಶಾಪಿಗೆ ಹೋಗಿ ತುರಿಕೆಗೆ ಒಂದು ಟ್ಯೂಬ್ ಕೊಡಿ ಅಂತಾರೆ, ಕೊಡೋದು ಬಹಳ ಸಲ ಸ್ಟೀರಾಯ್ಡ್ ಬೆರೆತದ್ದು. ಮೂರು ದಿನಕ್ಕೆ ತುರಿಕೆ ನಿಲ್ಲುತ್ತೆ, ವಾಸಿ ಆಯ್ತು ಅಂತ ಬಿಡ್ತಾರೆ. ಸ್ಟೀರಾಯ್ಡ್ ಮಾಡೋದು ಉರಿ ತಣಿಸೋದು ಮಾತ್ರ, ಹುಳುಕಡ್ಡಿ ತರೋ ಶಿಲೀಂಧ್ರಕ್ಕೆ ಅದು ಅನುಕೂಲವೇ. ಒಳಗೊಳಗೇ ಹಬ್ಬಿ ತಿಂಗಳೊಪ್ಪತ್ತಿಗೆ ಹೊಟ್ಟೆ, ಬೆನ್ನು ತನಕ ಬರುತ್ತೆ, ಆಗ ದುಂಡಗಿನ ಗುರುತೇ ಕೆಟ್ಟು ಹೋಗಿ ಡಾಕ್ಟರಿಗೂ ಗುರುತು ಹಿಡಿಯೋದು ಕಷ್ಟ. ಆದ್ದರಿಂದ ಟ್ಯೂಬಿನ ಹಿಂದೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತ ಸ್ಟೀರಾಯ್ಡ್ ಹೆಸರು ಇದ್ದರೆ ನೀವಾಗೇ ಹಚ್ಚಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಮುಲಾಮು ಕೊಟ್ಟರೆ ಕೆಂಪು ಅಂಚಿನಿಂದ ಆಚೆಗೂ ಒಂದೆರಡು ಸೆಂ.ಮೀ. ಹಚ್ಚಬೇಕು, ಮಚ್ಚೆ ಹೋದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಮುಂದುವರಿಸಬೇಕು. ಟವೆಲ್ ಹಂಚಿಕೊಳ್ಳಬಾರದು. ಕೋಣೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರೂ ಒಟ್ಟಿಗೇ ಔಷಧಿ ಶುರು ಮಾಡಬೇಕು, ಇಲ್ಲದಿದ್ದರೆ ಅವರಿಂದ ಇವರಿಗೆ, ಇವರಿಂದ ಅವರಿಗೆ ಓಡಾಡ್ತಾನೇ ಇರುತ್ತೆ.

ಒಳ ಉಡುಪು ಬಿಸಿನೀರಲ್ಲಿ ಒಗೆದು, ಹೊಲಿಗೆ ಮೇಲೆ ಇಸ್ತ್ರಿ ಹಾಕಿ ಅಂತಲೂ ಡಾಕ್ಟರು ಹೇಳ್ತಾರೆ. ಎಲ್ಲಿ ಹಾಕೋದು? ಇಸ್ತ್ರಿ ಪೆಟ್ಟಿಗೆ ಕೋಣೆಯಲ್ಲಿ ಸಿಕ್ಕರೆ ದಂಡ. ಬಿಸಿನೀರೂ ಇಲ್ಲ. ತಾರಸಿ ಮೇಲೆ ಸೋಲಾರ್ ಇದೆ, ಜುಲೈನಲ್ಲಿ ಅದು ತಣ್ಣೀರಿನ ಟ್ಯಾಂಕು. ಟ್ಯಾಂಕಿನೊಳಗೆ ಮಳೆಗಾಲಕ್ಕೆ ಅಂತಲೇ ಕರೆಂಟ್ ಕಾಯಿಲ್ ಹಾಕೋ ವ್ಯವಸ್ಥೆ ಇರುತ್ತೆ. ಸುಟ್ಟುಹೋದರೆ ಬದಲಿಸಲ್ಲ, ಬಿಲ್ ಬರುತ್ತೆ ಅಂತ ಸಂಪರ್ಕವನ್ನೇ ಕೊಡದೆ ಬಿಡೋದೂ ಉಂಟು. ಹಾಗಾಗಿ ಮಕ್ಕಳು ಕದ್ದು ನೀರು ಕಾಯಿಸೋ ರಾಡ್ ಹಾಕ್ತಾರೆ. 1,500 ವ್ಯಾಟಿನ ರಾಡ್ ಆರೂವರೆ ಆಂಪಿಯರ್ ಎಳೆಯುತ್ತೆ, ಕೋಣೆಯ ಸಣ್ಣ ಸಾಕೆಟ್ ಇರೋದು 6 ಆಂಪಿಯರಿಗೆ. 20 ಲೀಟರ್ ಬಕೆಟ್ ಮೈಗೆ ಹಿತವಾಗೋಷ್ಟು ಕಾಯೋಕೆ 20 ನಿಮಿಷ ಬೇಕು. ಒಬ್ಬರಾದ ಮೇಲೆ ಒಬ್ಬರು ನಾಲ್ಕು ಬಕೆಟ್ ಕಾಯಿಸಿದರೆ ಪ್ಲಗ್ಗು ಮೆತ್ತಗಾಗಿ ಸುಟ್ಟ ವಾಸನೆ ಬರುತ್ತೆ. ಅದೇ ಗೋಡೆ ಪಸೆ ಹಿಡಿದಿದೆ, ಸ್ವಿಚ್ ಬೋರ್ಡ್ ಮುಟ್ಟಿದರೆ ಜುಂ ಅನ್ನುತ್ತೆ. ಲೋಡ್ ಜಾಸ್ತಿಯಾದರೆ ತಾನೇ ಬೀಳೋ ಸ್ವಿಚ್, ಎಂಸಿಬಿ, ಇದೆಯಲ್ಲ ಅಂತಾರೆ. ಎಂಸಿಬಿ ಕಾಯೋದು ವೈರನ್ನ, ಮನುಷ್ಯನನ್ನ ಅಲ್ಲ. ಮನುಷ್ಯನ ಮೈಮೂಲಕ ಕರೆಂಟ್ ಸೋರಿದಾಗ ಕಟ್ ಮಾಡೋದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅದು ಪ್ರತಿ ಮಹಡಿಗೂ ಬೇಕು, ಮೇಲಿರೋ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಬೇಕು, ಒತ್ತಿದಾಗ ಟಪ್ ಅಂತ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ರಾಡ್ ಹಿಡಿಯೋಕೆ ರಾತ್ರಿ ಕೋಣೆ ಕೋಣೆ ತಪಾಸಣೆ ಮಾಡೋ ಶ್ರದ್ಧೆಯನ್ನ ಈ ಪೆಟ್ಟಿಗೆ ತೆರೆದು ನೋಡೋದಕ್ಕೆ ತೋರಿಸಲಿ.

ಮಳೆ ರಜೆ ವಿಷಯ ಹೇಳೋದೇ ಬೇಡ. ಜಿಲ್ಲಾಧಿಕಾರಿಗಳ ಆದೇಶ ಸಾಮಾನ್ಯವಾಗಿ ಅಂಗನವಾಡಿಯಿಂದ ಪಿಯುವರೆಗೆ. ಡಿಗ್ರಿ, ಪಿಜಿ ಮಕ್ಕಳು 75 ಪರ್ಸೆಂಟ್ ಹಾಜರಾತಿ ಅಂತ ಒದ್ದೆ ಶೂ ಹಾಕಿಕೊಂಡೇ ಹೋಗಬೇಕು, ಲ್ಯಾಬಿಗೆ ಚಪ್ಪಲಿಯಲ್ಲಿ ಬಿಡಲ್ಲ.

ಕೇಳ್ತಿರೋದು ಏನು ದೊಡ್ಡದು? ಅಡಿಕೆ ಬೆಳೆಗಾರರು ಅಡಿಕೆ ಒಣಗಿಸೋಕೆ ಹಾಕ್ತಾರಲ್ಲ, ಪೈಪಿನ ಚೌಕಟ್ಟು, ಮೇಲೆ 200 ಮೈಕ್ರಾನ್ ಯುವಿ ಪ್ಲಾಸ್ಟಿಕ್ ಹಾಳೆ, ಅಂಥದ್ದೊಂದು ಹಾಸ್ಟೆಲ್ ಪಕ್ಕ ಹಾಕಿ. ಮೋಡದ ದಿನದಲ್ಲೂ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತೆ. ಎರಡೂ ತುದಿಯಲ್ಲಿ ಮೇಲ್ಗಡೆ ಗಾಳಿ ಹೋಗೋಕೆ ಬಾಯಿ ಬಿಡಬೇಕು, ಪೂರ್ತಿ ಮುಚ್ಚಿದರೆ ಹಾಳೆಯ ಒಳಮೈಯಿಂದ ಬಟ್ಟೆ ಮೇಲೇ ನೀರು ತೊಟ್ಟಿಕ್ಕುತ್ತೆ. ತಂತಿ ತಂತಿಗೆ ಒಂದಡಿ ಅಂತರ ಇರಲಿ. ನೆಲಕ್ಕೆ ಸಿಮೆಂಟ್ ಹಾಕಲೇಬೇಕು, ಮಣ್ಣಿನ ನೆಲ ಬಿಟ್ಟರೆ ಪಸೆ ಕೆಳಗಿಂದ ಏಳುತ್ತೆ, ಉಂಬಳವೂ (ಜಿಗಣೆ) ಬರುತ್ತೆ. ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಇದು ಕಾಂಪೌಂಡಿನ ಒಳಗೇ, ಹೊರಗಿಂದ ಕಾಣದ ಕಡೆ ಆಗಬೇಕು. ಜೊತೆಗೆ ಮಹಡಿಗೊಂದು ಬಟ್ಟೆ ಹಿಂಡೋ ಸ್ಪಿನ್ನರ್ ಇಡಿ. ಕೈಯಲ್ಲಿ ಹಿಂಡಿದ ಬಟ್ಟೆಯಿಂದಲೂ ಐದು ನಿಮಿಷದಲ್ಲಿ ಅರ್ಧಕ್ಕರ್ಧ ನೀರು ತೆಗೆಯುತ್ತೆ. ಇಸ್ತ್ರಿಗೆ ಒಂದು ಕೋಣೆ, ಅದಕ್ಕೆ 16 ಆಂಪಿಯರ್ ಸಾಕೆಟ್. ತಾರಸಿಗೆ ಶೀಟು, ಅಲ್ಲಿಯವರೆಗೆ ನಾಲ್ಕು ಅಂಗುಲದ ಪೈಪು, ಬಾಯಿಗೆ ಜಾಲರಿ, ಮೇ ಕೊನೆಗೊಮ್ಮೆ, ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಎಲೆ ಬಾಚೋಕೆ ಒಬ್ಬ ಆಳು.

ವಿದ್ಯಾರ್ಥಿ ಪ್ರತಿನಿಧಿಗಳೇ, ಜುಲೈನಲ್ಲಿ ಧರಣಿ ಕೂತರೆ 'ಮಳೆ ನಿಲ್ಲಲಿ' ಅಂತಲೇ ಉತ್ತರ ಬರೋದು. ಅರ್ಜಿ ಡಿಸೆಂಬರಿನಲ್ಲೇ ಕೊಡಿ, ಹೊಸ ಬಜೆಟ್ ಬರೆಯೋ ಮೊದಲು. ಮಳೆಗಾಲದಲ್ಲಿ ತೆಗೆದ ಫೋಟೋ ಕೋಣೆ ನಂಬರಿನ ಸಮೇತ ಲಗತ್ತಿಸಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಒಪ್ಪಿಕೊಂಡು ಬರಬೇಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ ಇರಬೇಕು, 30 ದಿನದಲ್ಲಿ ಮಾಹಿತಿ ಕೊಡಬೇಕು. ಹಾಸ್ಟೆಲ್ ನಿರ್ವಹಣೆ ಅಂತ ಕಳೆದ ಮೂರು ವರ್ಷ ಎಷ್ಟು ವಸೂಲಾಯಿತು, ತಾರಸಿಗೆ ಎಷ್ಟು ಖರ್ಚಾಯಿತು, ಬಣ್ಣಕ್ಕೆ ಎಷ್ಟು, ಕೆಲಸ ಯಾವ ತಿಂಗಳಲ್ಲಿ ಆಯಿತು, ಇಷ್ಟನ್ನೇ ಕೇಳಿ. ಬಿಲ್ಲಿನ ನಕಲು ಸಮೇತ ಕೇಳಿ.