ಬಸವನಹುಳುವಿಗೆ ಸಾಕ್ಷಿ ಎಲ್ಲಿ?

ಲಾ ಓದುವವರ ಕೈಗೆ ಹಳದಿ ಹೈಲೈಟರ್ ಕೊಡಲೇಬಾರದು. ಮೊದಲ ಪುಟದಲ್ಲಿ ಒಂದೇ ಒಂದು ಸಾಲಿಗೆ ಬಳಿದಿದ್ದೆ. ಐದನೇ ಪುಟದ ಹೊತ್ತಿಗೆ ಎಲ್ಲವೂ ಮುಖ್ಯವೇ ಅನ್ನಿಸಿ, ಇಡೀ ತೀರ್ಪಿಗೆ ಕಾಮಾಲೆ ಹಿಡಿದಿತ್ತು.

ಮರುದಿನ ಬೆಳಿಗ್ಗೆ ಮೂಟ್ ಕೋರ್ಟ್, ಅಂದರೆ ಕಾಲೇಜಿನ ಅಣಕು ನ್ಯಾಯಾಲಯ. ಕೋರ್ಟು ಸುಳ್ಳು, ಕಕ್ಷಿದಾರ ಸುಳ್ಳು, ಹೊಟ್ಟೆಯೊಳಗಿನ ತಳಮಳ ಮಾತ್ರ ಅಪ್ಪಟ. ಓದಬೇಕಿದ್ದದ್ದು 1932ರ ಡೊನೊಹ್ಯೂ ವರ್ಸಸ್ ಸ್ಟೀವನ್‌ಸನ್. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಒಬ್ಬ ಹೆಂಗಸು ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದಳು. ಉಳಿದದ್ದನ್ನು ಬಗ್ಗಿಸಿದರೆ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತಂತೆ. ಕಾಸು ಕೊಟ್ಟವಳು ಗೆಳತಿ. ಅಂಗಡಿಯವನಿಗೂ ಈಕೆಗೂ ಒಪ್ಪಂದವಿಲ್ಲ. ಹಾಗಾಗಿ ತಯಾರಿಸಿದ ಸ್ಟೀವನ್‌ಸನ್ ಮೇಲೆಯೇ ದಾವೆ.

ಒಂದು ಹುಳುವಿಗೆ ಐವರು ನ್ಯಾಯಮೂರ್ತಿಗಳು, ಮೂರು-ಎರಡರ ತೀರ್ಪು. ಗೆದ್ದ ಮೂವರಲ್ಲಿ ಲಾರ್ಡ್ ಆಟ್ಕಿನ್ ಒಬ್ಬರು; ನಮ್ಮ ಅಜಾಗ್ರತೆಯಿಂದ ಯಾರಿಗೆ ಪೆಟ್ಟಾಗಬಹುದೋ ಅವರೇ ಕಾನೂನಿನ ಕಣ್ಣಿಗೆ ನೆರೆಯವರು ಎಂದವರು. ಗೆದ್ದ ಮೂವರದ್ದು ಓದಿದರೆ ಸಾಲದು, ಸೋತ ಇಬ್ಬರದ್ದೂ ಓದಬೇಕು. ಅವರೋ, ಒಬ್ಬೊಬ್ಬರೂ ಹಳೆಯ ಕೇಸುಗಳನ್ನು ಎಳೆದು ತರುತ್ತಾರೆ. ಆ ಕೇಸಿಗೊಬ್ಬ ಅಪ್ಪ, ಅಪ್ಪನಿಗೊಬ್ಬ ಅಜ್ಜ. ರಾತ್ರಿ ಎರಡಕ್ಕೆ ನಾನು ಮುತ್ತಜ್ಜನ ಫೋಟೋಕಾಪಿ ಹುಡುಕುತ್ತಿದ್ದೆ. ಎಲ್ಲಿಯವರೆಗೆ ರೇಷಿಯೋ, ಎಲ್ಲಿಂದ ಒಬಿಟರ್, ಅಂದರೆ ಯಾವುದು ಕಟ್ಟಿಹಾಕುವ ಮಾತು, ಯಾವುದು ಸುಮ್ಮನೆ ಆಡಿದ ಮಾತು ಎಂದು ಯೋಚಿಸುತ್ತಲೇ ಪುಸ್ತಕದ ಮೇಲೆ ಒರಗಿದೆ.

ಬೆಳಿಗ್ಗೆ ಎದ್ದಾಗ ಕೆನ್ನೆಯೂ ಹಳದಿ.

ಎರವಲು ಕೋಟಿನ ತೋಳು ಬೆರಳ ತುದಿವರೆಗೆ ಇಳಿಯುತ್ತಿತ್ತು. ಹೇಗೋ ಮಡಚಿಕೊಂಡು ಎದ್ದು ನಿಂತು, 'ಮೈ ಲಾರ್ಡ್, ಆ ಬಾಟಲಿಯಲ್ಲಿದ್ದ ಬಸವನಹುಳು...' ಎಂದು ಶುರು ಮಾಡಿದೆ.

ನ್ಯಾಯಾಧೀಶರ ಕುರ್ಚಿಯಲ್ಲಿದ್ದವರು ನಮ್ಮ ಮೇಡಂ. ಕನ್ನಡಕದ ಮೇಲಿಂದ ನೋಡಿದರು. 'ಇತ್ತು ಅಂತ ಯಾರು ಹೇಳಿದ್ದು?'

'ಸಾಬೀತಾಗಿದೆ, ಮೈ ಲಾರ್ಡ್.'

'ಯಾವ ಪುಟದಲ್ಲಿ?'

ಪುಟ ತಿರುವಿದೆ. ಹಳದಿ. ಇನ್ನೊಂದು ತಿರುವಿದೆ. ಅದೂ ಹಳದಿ. ತೋಳಿನ ಮಡಿಕೆ ಬಿಚ್ಚಿಕೊಂಡು ಕೈ ಮಾಯವಾಯಿತು.

ಆಮೇಲೆ ಅವರೇ ಹೇಳಿದರು. ಆಕೆ ಹೇಳಿದ್ದು ನಿಜವೇ ಆಗಿದ್ದಲ್ಲಿ ದಾವೆ ನಿಲ್ಲುತ್ತದೆಯೇ ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ. ಸಾಕ್ಷ್ಯದ ವಿಚಾರಣೆಗೆ ಮುಂಚೆಯೇ ಸ್ಟೀವನ್‌ಸನ್ ತೀರಿಕೊಂಡ, ಕೇಸು ರಾಜಿಯಾಯಿತು. ಬಾಟಲಿಯಲ್ಲಿ ಹುಳು ಇತ್ತೋ ಇಲ್ಲವೋ, ಕೋರ್ಟಿನಲ್ಲಿ ಇತ್ಯರ್ಥವಾಗಲೇ ಇಲ್ಲ. 'ನಿಜವೇ ಆಗಿದ್ದಲ್ಲಿ' ಎಂಬ ಆ ಮಾತು ಲಾರ್ಡ್ ಆಟ್ಕಿನ್ ತೀರ್ಪಿನ ಆರಂಭದಲ್ಲೇ ಇದೆ. ಅದಕ್ಕೂ ಬಣ್ಣ ಬಳಿದಿದ್ದೆ, ಇಲ್ಲ ಅನ್ನೋಲ್ಲ.

ಸಂಜೆ ಚಿಕ್ಕಮ್ಮನ ಫೋನು. ಮನೆಯಲ್ಲೊಬ್ಬರು ಲಾ ಸೇರಿದ್ದಾರೆಂದರೆ ಬಂಧುಗಳ ಪಾಲಿಗೆ ಆಗಲೇ ಹೈಕೋರ್ಟು ಅಂಗಳಕ್ಕೆ ಬಂದ ಹಾಗೆ.

'ಪಕ್ಕದ ಮನೆಯವರ ಮರದ ಎಲೆಯೆಲ್ಲ ನಮ್ಮಂಗಳಕ್ಕೇ ಬೀಳ್ತಿದೆ ಕಣೋ. ಏನು ಮಾಡಬಹುದು?'

'ಚಿಕ್ಕಮ್ಮಾ, ಕಾನೂನಿನಲ್ಲಿ ನೆರೆಯವರು ಅಂದರೆ ಯಾರು ಅನ್ನೋದೇ ದೊಡ್ಡ ಪ್ರಶ್ನೆ. 1932ರಲ್ಲಿ ಒಂದು ಬಸವನಹುಳು...'

'ಯಾರು ಅಂತ ನನಗೆ ಗೊತ್ತು ಬಿಡು. ಬೆಳಗಾದರೆ ಮುಖ ನೋಡ್ತೀನಲ್ಲ,' ಎಂದು ಫೋನಿಟ್ಟರು.