ಕರುಣೆಗೂ ಒಂದು ಕೆಪಿಐ

ವರ್ಷದ ಕೆಲಸವನ್ನು ಕೆಪಿಐ ಎಂಬ ಅಳತೆಗೋಲುಗಳಿಂದ ಅಳೆಯುವ ಅಪ್ರೈಸಲ್ ಫಾರಂನಲ್ಲಿ ಹೋದ ವರ್ಷದಿಂದ ಹೊಸ ಕಾಲಂ ಒಂದು ಬಂದು ಕೂತಿದೆ. ಕಾಸ್ಟ್ ಕಂಟ್ರೋಲ್, ಡೆಲಿವರಿ, ಕ್ಲೈಂಟ್ ಸಂತೃಪ್ತಿ, ಇವುಗಳ ಕೆಳಗೆ ಎಂಪಥಿ, ಅಂದರೆ ಇನ್ನೊಬ್ಬರ ನೋವು ಅರಿಯುವ ಕರುಣೆ. ಐದಕ್ಕೆ ಎಷ್ಟು ಎಂದು ಮ್ಯಾನೇಜರ್ ಮೊದಲು ತಾವೇ ಹಾಕಿಕೊಳ್ಳಬೇಕು, ಆಮೇಲೆ ಅವರ ಮೇಲಿನವರು ತಿದ್ದುತ್ತಾರೆ. ಕೈಕೆಳಗಿನವರನ್ನು ಕೇಳುವ ಹಾಗಿಲ್ಲ. ಪೆಟ್ಟು ತಿಂದವರ ಅಭಿಪ್ರಾಯ ಒಂದು ಕಡೆಗೆ ವಾಲಿರುತ್ತದಂತೆ. ಹೋದ ವರ್ಷ ಎರಡೂವರೆ ಬಂದವರು ಈ ಸಲ ಮೂರೂವರೆಗೆ ಏರಬೇಕು. ಮಾರ್ಚ್ 31ರೊಳಗೆ ಒಂದು ಮಾರ್ಕಿನಷ್ಟು ಮನುಷ್ಯರಾಗದಿದ್ದರೆ ಬೋನಸ್‌ಗೆ ಕತ್ತರಿ.

ಅಷ್ಟು ಬೇಗ ಆಗುವುದು ಹೇಗೆ? ತರಬೇತಿ ಇದೆಯಲ್ಲ. ಔಟರ್ ರಿಂಗ್ ರೋಡಿನ ಸ್ಟಾರ್ ಹೋಟೆಲುಗಳ ಬ್ಯಾಂಕ್ವೆಟ್ ಹಾಲುಗಳಲ್ಲಿ ರಿಸೆಪ್ಷನ್ ಇಲ್ಲದ ದಿನ ಕರುಣೆಯೇ ನಡೆಯುವುದು. ಒಂದು ಕಾಲಕ್ಕೆ ಟೈಂ ಮ್ಯಾನೇಜ್‌ಮೆಂಟ್, ಅದಕ್ಕೂ ಹಿಂದೆ ಅಮೆರಿಕನ್ ಉಚ್ಚಾರ ಕಲಿಸುತ್ತಿದ್ದವರೇ ಈಗ ಹೃದಯ ಕಲಿಸುತ್ತಾರೆ. ಸ್ಲೈಡ್ ಬೇರೆ, ಕಾಲರ್ ಮೈಕ್ ಅದೇ.

ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲಾ ಅವರ ಕಥೆ ಇಲ್ಲದೆ ಈ ತರಬೇತಿಗೆ ಮುಹೂರ್ತವೇ ಆಗುವುದಿಲ್ಲ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು, ಹಾಗಾಗಿ ಅರ್ಧ ನಮ್ಮವರು. ಮೈಕ್ರೋಸಾಫ್ಟ್ ಸೇರುವಾಗಿನ ಇಂಟರ್‌ವ್ಯೂನಲ್ಲಿ, ರಸ್ತೆಯಲ್ಲಿ ಮಗುವೊಂದು ಬಿದ್ದು ಅಳುತ್ತಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಅಮೆರಿಕದ ತುರ್ತು ನಂಬರ್ 911ಕ್ಕೆ ಫೋನ್ ಮಾಡುತ್ತೇನೆ ಎಂದರಂತೆ ಇವರು. ಮಗು ಅತ್ತರೆ ಎತ್ತಿಕೊಳ್ಳಬೇಕು ಮಾರಾಯ ಎಂಬರ್ಥದಲ್ಲಿ ಆ ಸಂದರ್ಶಕರು ಬುದ್ಧಿ ಹೇಳಿ ಕಳಿಸಿದರಂತೆ. ಕಥೆ ಚೆನ್ನಾಗಿದೆ, ಅದನ್ನು ಹೇಳಿಕೊಂಡವರ ಪ್ರಾಮಾಣಿಕತೆಯೂ ದೊಡ್ಡದೇ. ಎತ್ತಿಕೊಂಡ ಮಗುವನ್ನು ಇಳಿಸುವುದು ಹೇಗೆಂಬ ಅಧ್ಯಾಯ ಮಾತ್ರ ಆಮೇಲೆ ಬಂತು: 2025ರ ಮೇ ಮತ್ತು ಜುಲೈನಲ್ಲಿ ಅದೇ ಕಂಪನಿ ಸುಮಾರು 15,000 ಜನರನ್ನು ಕೆಳಗಿಳಿಸಿತು. ಈ ಸ್ಲೈಡ್ ಬರುವ ಹೊತ್ತಿಗೆ ಟೀ ಬ್ರೇಕ್ ಆಗಿರುತ್ತದೆ.

ಟೀ ಆದ ಮೇಲೆ ರೋಲ್ ಪ್ಲೇ. ಇಬ್ಬಿಬ್ಬರು ಮ್ಯಾನೇಜರ್‌ಗಳು ಎದುರುಬದುರು ಕುರ್ಚಿ ಹಾಕಿಕೊಳ್ಳಬೇಕು. ಒಬ್ಬರು ನೌಕರ, ಅವರ ತಾಯಿ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾರೆ, ಮೂರು ದಿನ ರಜೆ ಬೇಕು. ಇನ್ನೊಬ್ಬರು ಮ್ಯಾನೇಜರ್, ಅಂದರೆ ಅವರು ಅವರೇ. ಮ್ಯಾನೇಜರ್ ಪಾತ್ರಧಾರಿ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ, ಕೈ ಕಟ್ಟಿದ್ದನ್ನು ಬಿಚ್ಚುತ್ತಾರೆ (ಕೈ ಕಟ್ಟಿದರೆ ಅರ್ಧ ಮಾರ್ಕ್ ಹೋಯಿತು), ತಲೆಯನ್ನು ನಿಧಾನಕ್ಕೆ ಆಡಿಸುತ್ತಾರೆ. “ಅಂದರೆ ನಿಮ್ಮ ತಾಯಿಯವರಿಗೆ ಹುಷಾರಿಲ್ಲ, ನಿಮಗೆ ಆತಂಕವಾಗಿದೆ, ಅಲ್ವಾ?”

“ಹೌದು ಸಾರ್.”

“ನೀವು ನನ್ನ ಹತ್ರ ಮನಸ್ಸು ಬಿಚ್ಚಿ ಹೇಳಿಕೊಂಡಿದ್ದಕ್ಕೆ ಥ್ಯಾಂಕ್ಸ್.”

“ಪರವಾಗಿಲ್ಲ ಸಾರ್. ರಜೆ?”

ಇಲ್ಲಿ ಟ್ರೈನರ್ ಚಪ್ಪಾಳೆ ತಟ್ಟಿ ಆಟ ನಿಲ್ಲಿಸುತ್ತಾರೆ. ಬಹಳ ಚೆನ್ನಾಗಿ ಬಂತು. ನೋವನ್ನು ಗುರುತಿಸಿದಿರಿ, ಹೆಸರಿಟ್ಟಿರಿ, ಗೌರವಿಸಿದಿರಿ. ರಜೆಯಾ? ಅದು ಲೀವ್ ಪಾಲಿಸಿಯ ವಿಷಯ, ಈ ಮಾಡ್ಯೂಲ್‌ನಲ್ಲಿ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಪಾಪ, ಆ ಮ್ಯಾನೇಜರ್ ಕೈಯಲ್ಲಿ ರಜೆಯೂ ಇಲ್ಲ. ಪೋರ್ಟಲ್ಲಿನಲ್ಲಿ ಹಾಕಬೇಕು, ಇವರು ಒತ್ತಿದ ಮೇಲೆ ಇನ್ನೊಬ್ಬರು ಒತ್ತಬೇಕು, ಆ ಇನ್ನೊಬ್ಬರು ಬೇರೆ ಟೈಂ ಜೋನ್‌ನಲ್ಲಿ ನಿದ್ದೆಯಲ್ಲಿರುತ್ತಾರೆ. ಸಂಬಳ, ತಲೆ ಲೆಕ್ಕ, ಡೆಡ್‌ಲೈನ್, ಇವು ಯಾವುದೂ ಇವರ ಕೈಯಲ್ಲಿಲ್ಲ. ತಲೆ ಆಡಿಸುವುದೊಂದೇ ಇವರ ಅಧಿಕಾರ ವ್ಯಾಪ್ತಿ. ಅದಕ್ಕೇ ಅದರಲ್ಲಿ ತರಬೇತಿ. ಎಲ್ಲವೂ ಯಾರ ಕೈಯಲ್ಲಿದೆಯೋ ಅವರು ಬೆಳಿಗ್ಗೆ ಐದು ನಿಮಿಷ ಬಂದು ದೀಪ ಹಚ್ಚಿ, ಎಂಪಥಿ ನಮ್ಮ ಡಿಎನ್‌ಎನಲ್ಲಿದೆ ಎಂದು ಹೇಳಿ ಏರ್‌ಪೋರ್ಟಿಗೆ ಹೊರಟಿರುತ್ತಾರೆ.

ಮಧ್ಯಾಹ್ನದ ಮೇಲೆ ಕಷ್ಟದ ಸಂಭಾಷಣೆಗಳು. ಬೆಲ್ ಕರ್ವ್ ಎಂಬ ಗ್ರಾಮದೇವತೆಯ ಪರಿಚಯ ಇಲ್ಲದವರಿಗೆ ಹೇಳಿಬಿಡುತ್ತೇನೆ. ಟೀಮಿನಲ್ಲಿ ಹತ್ತು ಜನ ಇದ್ದು ಹತ್ತೂ ಜನ ಮೈಮುರಿದು ದುಡಿದಿದ್ದರೂ, ಒಬ್ಬರು ಕೊನೆಯ ಸಾಲಿಗೆ ಹೋಗಲೇಬೇಕು. ದೇವಿಗೆ ಕುರಿ ಆರೋಗ್ಯವಾಗಿದೆಯೇ ಎಂಬುದು ಮುಖ್ಯವಲ್ಲ, ಕುರಿ ಬೇಕು. ಮೈಕ್ರೋಸಾಫ್ಟ್ ಇಂಥದ್ದೊಂದು ಪದ್ಧತಿಯನ್ನು 2013ರಲ್ಲೇ ಕೈಬಿಟ್ಟಿತು. ನಮ್ಮಲ್ಲಿ ಬಲಿ ಇನ್ನೂ ನಿಂತಿಲ್ಲ. ಕೆಲವು ಕಡೆ ಹೆಸರು ಬದಲಾಗಿದೆ ಅಷ್ಟೆ. ಆ ಒಬ್ಬರನ್ನು ಎಕ್ಸೆಲ್ ಹಾಳೆ ಆರಿಸುತ್ತದೆ. ಹೇಳುವ ಕೆಲಸ ಮ್ಯಾನೇಜರ್ ಪಾಲಿಗೆ. ತರಬೇತಿ ಕಲಿಸುವುದು ಆ ಹೇಳುವ ಬಗೆಯನ್ನು: ಕೋಣೆಯಲ್ಲಿ ನೀರಿನ ಬಾಟಲಿ ಇರಲಿ, ಟಿಶ್ಯೂ ಡಬ್ಬ ಕೈಗೆಟಕುವಂತಿರಲಿ, ಆದರೆ ಕಣ್ಣಿಗೆ ಹೊಡೆಯುವಂತಿರಬಾರದು. ಶುಕ್ರವಾರ ಸಂಜೆ ಬೇಡ, ವಾರಾಂತ್ಯ ಹಾಳಾಗುತ್ತದೆ. ಯಾರದ್ದು ಎಂದು ಸ್ಲೈಡ್ ಹೇಳುವುದಿಲ್ಲ.

ಈ ಕಲೆಯ ಘರಾನಾಗಳು ಇರುವುದು ಅಮೆರಿಕದಲ್ಲಿ. 2021ರ ಡಿಸೆಂಬರಿನಲ್ಲಿ ಗೃಹಸಾಲ ಕಂಪನಿ ಬೆಟರ್ ಡಾಟ್ ಕಾಮ್‌ನ ಸಿಇಒ ವಿಶಾಲ್ ಗರ್ಗ್ ಒಂದೇ ಜೂಮ್ ಕಾಲ್‌ನಲ್ಲಿ ಸುಮಾರು 900 ಜನರನ್ನು ಮನೆಗೆ ಕಳಿಸಿದರು. ಕಳೆದ ಸಲ ಹೀಗೆ ಮಾಡಿದಾಗ ಅತ್ತಿದ್ದೆ, ಈ ಸಲ ಗಟ್ಟಿಯಾಗಿರುತ್ತೇನೆ ಎಂದುಕೊಂಡಿದ್ದೇನೆ ಎಂದು ಆ ಕಾಲ್‌ನಲ್ಲೇ ಹೇಳಿಕೊಂಡರು. ಕೆಲಸ ಕಳೆದುಕೊಂಡವರು ಸಾಹೇಬರಿಗೆ ಧೈರ್ಯ ಹೇಳಲಿಲ್ಲ. ಅವರಿಗೆ ತರಬೇತಿ ಆಗಿರಲಿಲ್ಲವೇನೋ. ಮರುವರ್ಷ ಇನ್ನೊಂದು ಸಣ್ಣ ಕಂಪನಿಯ ಸಿಇಒ ಇಬ್ಬರನ್ನು ತೆಗೆದು, ತಮ್ಮ ಕಣ್ಣೀರ ಮುಖದ ಸೆಲ್ಫಿಯನ್ನು ಲಿಂಕ್ಡ್‌ಇನ್‌ಗೆ ಹಾಕಿದರು. ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದು ಎನ್ನುತ್ತದೆ ನಮ್ಮ ಗಾದೆ. ಮೊದಲರ್ಧ ಶುದ್ಧ ತಪ್ಪು. ಉಳಿದರ್ಧಕ್ಕೆ ಫೋಟೊ ಸಮೇತ ಸಾಕ್ಷಿ ಸಿಕ್ಕಿತು.

2023ರ ಜನವರಿಯಲ್ಲಿ ಗೂಗಲ್ 12,000 ಹುದ್ದೆ ಕಡಿದಾಗ ಅದರ ಸಿಇಒ ಸುಂದರ್ ಪಿಚೈ ಪೂರ್ತಿ ಹೊಣೆ ತಮ್ಮದೇ ಎಂದು ಬರೆದರು. ಲಾಗಿನ್ ಆಗದೇ ಇದ್ದಾಗಲೇ ಕೆಲಸ ಹೋದದ್ದು ಗೊತ್ತಾಯಿತು ಎಂದವರು ಅನೇಕರು. 2022ರ ಲೆಕ್ಕದಲ್ಲಿ ಪಿಚೈ ಅವರಿಗೆ ಸಂದದ್ದು ಸುಮಾರು 22.6 ಕೋಟಿ ಡಾಲರ್, ಬಹುಪಾಲು ಷೇರು ರೂಪದಲ್ಲಿ. ಹೊಣೆ ಹೊರುವ ಕೂಲಿ ಇಷ್ಟಿದ್ದರೆ ನಾನೂ ಒಂದೆರಡು ಹೊಣೆ ಹೊರಲು ಸಿದ್ಧ.

ನಮ್ಮ ದೇಶವೇನು ಕಮ್ಮಿಯೇ! ಮನೆಗೇ ಬಂದು ಬ್ಯೂಟಿ ಪಾರ್ಲರ್ ಸೇವೆ ಕೊಡುವ ನೊಯ್ಡಾದ ಯೆಸ್ ಮೇಡಂ ಕಂಪನಿಯದೆನ್ನಲಾದ ಒಂದು ಮೇಲ್ 2024ರ ಡಿಸೆಂಬರಿನಲ್ಲಿ ಊರೆಲ್ಲ ಓಡಾಡಿತು: ಸಮೀಕ್ಷೆಯಲ್ಲಿ ಯಾರೆಲ್ಲ ಒತ್ತಡ ಇದೆ ಎಂದಿರೋ ಅವರನ್ನು ಕಂಪನಿಯಿಂದ ಬಿಡುಗಡೆ ಮಾಡುತ್ತಿದ್ದೇವೆ. ಜನ ಬೈದರು. ಯಾರನ್ನೂ ತೆಗೆದಿಲ್ಲ, ಕೆಲಸದ ಒತ್ತಡದ ಬಗ್ಗೆ ಜಾಗೃತಿ ಮೂಡಿಸಲು ಹಾಗೆ ಮಾಡಿದ್ದು ಎಂದಿತು ಕಂಪನಿ. ಬೆಕ್ಕಿಗೆ ಆಟ. ಮುಂದಿನ ಅರ್ಧ ಗಾದೆ ನಿಮಗೆ ಗೊತ್ತೇ ಇದೆ.

2025ರ ಜನವರಿಯಲ್ಲಿ ಸುದ್ದಿಯಾದ ಎಲ್ ಆಂಡ್ ಟಿ ಅಧ್ಯಕ್ಷರ ಮಾತನ್ನು ಮಾತ್ರ ನಾವು ತಪ್ಪು ತಿಳಿದೆವು ಎಂದು ನನ್ನ ವಾದ. ವಾರಕ್ಕೆ 90 ಗಂಟೆ, ಭಾನುವಾರವೂ ನಿಮ್ಮಿಂದ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂಬ ವಿಷಾದ, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ, ಹೆಂಡತಿಯಾದರೂ ಗಂಡನ ಮುಖ ಎಷ್ಟು ಹೊತ್ತು ನೋಡಬೇಕು ಎಂಬ ಪ್ರಶ್ನೆ. ಆ ಕೊನೆಯ ತುಂಡನ್ನು ನೋಡಿ. ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ಬಿದ್ದುಕೊಂಡ ಗಂಡನನ್ನು ಕಂಡು ಸುಸ್ತಾದ ಹೆಣ್ಣುಮಕ್ಕಳ ಕಷ್ಟವನ್ನು ಕಾರ್ಪೊರೇಟ್ ವೇದಿಕೆಯಲ್ಲಿ ಇನ್ಯಾರು ಎತ್ತಿದ್ದರು? ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದ್ದು ಬರೀ 70 ಗಂಟೆ, ಅದೂ ದೇಶಕ್ಕಾಗಿ. ಹೆಂಡತಿಯ ಸುದ್ದಿ ಅಲ್ಲಿ ಇರಲಿಲ್ಲ.

ನಮ್ಮ ರಾಜ್ಯ ಸರ್ಕಾರದ ಮುಂದೆಯೂ 2024ರ ಜುಲೈನಲ್ಲಿ ಒಂದು ಪ್ರಸ್ತಾವ ಬಂತು, ಐಟಿಯವರ ದಿನದ ದುಡಿಮೆಯನ್ನು 14 ತಾಸಿನವರೆಗೆ ಎಳೆಯುವುದು. ನೌಕರರ ಸಂಘಟನೆ ಕಿಟು ಬೀದಿಗಿಳಿದು ಕೂಗಾಡಿದ ಮೇಲೆ ತಣ್ಣಗಾಯಿತು. 14 ತಾಸು ದುಡಿದ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರಿಗೆ ಮಿಕ್ಕ ಸಮಯದಲ್ಲಿ ಕರುಣೆ ತೋರಿಸಲು ಅವರು ಎಚ್ಚರ ಇರಬೇಕಲ್ಲ, ಆ ತಾಂತ್ರಿಕ ತೊಂದರೆಯೂ ಇತ್ತು.

ಅದಿರಲಿ. ಸಂಜೆ ಐದೂವರೆಗೆ ಸರ್ಟಿಫಿಕೇಟ್ ವಿತರಣೆ, ಗ್ರೂಪ್ ಫೋಟೊ. ಎಲ್ಲರೂ ಎದೆಯ ಮೇಲೆ ಕೈ ಇಟ್ಟು ನಿಲ್ಲಬೇಕು. ಫೀಡ್‌ಬ್ಯಾಕ್ ಫಾರಂನಲ್ಲಿ ಒಬ್ಬರು ಮಹಾಶಯರು, ಇದೆಲ್ಲ ಸರಿ, ಎದುರಿಗಿದ್ದವರು ನಿಜಕ್ಕೂ ಅತ್ತರೆ ಎಷ್ಟು ನಿಮಿಷ ಕಾಯಬೇಕು ಎಂದು ಕೇಳಿದ್ದರಂತೆ. ಕ್ಯಾಲೆಂಡರಿನಲ್ಲಿ ಸ್ಲಾಟ್ ಮೂವತ್ತು ನಿಮಿಷದ್ದಾದ್ದರಿಂದ ಇಪ್ಪತ್ತೈದಕ್ಕೆ ಮುಗಿಸುವುದು ಒಳ್ಳೆಯದು ಎಂಬ ಉತ್ತರ ಬಂತು.

ಮುಂದಿನ ತಿಂಗಳು ಕೈಕೆಳಗಿನವರ ಬ್ಯಾಚ್. ಅವರಿಗೆ ಎಂಪಥಿ ಅಲ್ಲ, ರೆಸಿಲಿಯನ್ಸ್: ಬಂದ ಕರುಣೆಯನ್ನು ತಡೆದುಕೊಳ್ಳುವುದು ಹೇಗೆ ಎಂದು. ಬ್ಯಾಂಕ್ವೆಟ್ ಹಾಲ್ ಇಲ್ಲ, ಆನ್‌ಲೈನ್. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಕ್ಯಾಮೆರಾ ಆನ್ ಇರಬೇಕು, ಹಾಜರಿ ಕಡ್ಡಾಯ, ಕಾಂಪ್ ಆಫ್ ಎಂಬ ಬದಲಿ ರಜೆ ಕೇಳಬಾರದು.