ಎಲ್ಲಿಗೆ ಹೊರಟೆ, ಹತ್ತು!

ಶಿರಸಿಯಲ್ಲಿ ಸುಮ್ನೆ ನಡೆಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ನಲವತ್ತೇಳನೇ ವಯಸ್ಸಿಗೆ. ಡಾಕ್ಟರು ಚೀಟಿಯಲ್ಲಿ ಮಾತ್ರೆಗಳ ಕೆಳಗೆ 'ದಿನಾ 30 ನಿಮಿಷ ವಾಕಿಂಗ್' ಅಂತ ಬರೆದುಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಮಗಳ ಹಳೇ ಶೂ ಹಾಕಿಕೊಂಡು ಹೊರಟೆ. ಬನವಾಸಿ ರಸ್ತೆಗೆ ಬರುವಷ್ಟರಲ್ಲಿ ಮೂರು ಸ್ಕೂಟರ್ ನಿಂತವು. "ಎಲ್ಲಿಗೆ ಹೊರಟೆ ತಂಗಿ? ಹತ್ತು, ಬಿಡ್ತೇನೆ." ಎಲ್ಲಿಗೂ ಇಲ್ಲ ಅಣ್ಣಾ, ವಾಕಿಂಗ್ ಅಂದೆ. ಅವರ ಮುಖ ಸಣ್ಣದಾಯ್ತು. "ಓ, ಶುಗರಾ?" ಮೂರನೆಯವರಂತೂ ಊಟಕ್ಕೆ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ಲೆಕ್ಕವನ್ನೂ ಕೇಳಿದರು.

ನಮ್ಮಲ್ಲಿ ದೊಡ್ಡವರ ಮೈ ಅಲ್ಲಾಡಬೇಕಾದರೆ ಒಂದೋ ಕೆಲಸ ಇರಬೇಕು, ಇಲ್ಲ ಕಾಯಿಲೆ ಇರಬೇಕು. ಖುಷಿಗೆ ಅಂತ ಯಾರಾದರೂ ಓಡಿದರೆ, ಕುಣಿದರೆ ಮಳ್ಳು ಅಂತಾರೆ. ವ್ಯಾಯಾಮ ಯಾಕೆ ಮಾಡಲ್ಲ ಅಂದರೆ ಎಲ್ಲರೂ ಟೈಮಿಲ್ಲ ಅನ್ನುತ್ತೇವೆ. ಅದು ಅರ್ಧ ನಿಜ. ಉಳಿದರ್ಧ ನಾಚಿಕೆ.

ಅಮ್ಮನ ವಾದ ಬೇರೆ. "ತೋಟಕ್ಕೆ ಎರಡು ಸಲ ಹತ್ತಿಳಿದರೆ ಆಯ್ತಪ್ಪ, ಇದೆಲ್ಲ ಎಂತಕ್ಕೆ?" ತೋಟದ ಏರು ಹತ್ತಿದವರಿಗೆ ಅದು ಸರಿ. ಆದರೆ ಅಡಿಕೆ ಸುಲಿಯುವ ದಿನಗಳಲ್ಲಿ ಇದೇ ಅಮ್ಮ ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತಿದ್ದನ್ನು ನಾನು ನೋಡಿದ್ದೇನೆ. ಕೈ ಮಾತ್ರ ಓಡುತ್ತಿತ್ತು. ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯಬೇಕಿತ್ತು. ದುಡಿದು ಸುಸ್ತಾಗೋದೇ ವ್ಯಾಯಾಮ ಅಂತ ಹೇಳುವವರ ಜೊತೆ ನನಗೆ ಜಗಳವಿದೆ.

2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿತ್ತು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಚಟುವಟಿಕೆ ಬೇಕು. ಭಾರತದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಅಷ್ಟೂ ಮಾಡಲ್ಲ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಈ ವ್ಯತ್ಯಾಸ ನೋಡಿ ನನಗೇನೂ ಆಶ್ಚರ್ಯ ಆಗಲಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತು ನಮ್ಮ ಕಾವಲಿಯದ್ದು, ನಮ್ಮದಲ್ಲ.

ಜಿಮ್ಮಿಗೂ ಹೋದೆ. ವರ್ಷದ ದುಡ್ಡು ಒಟ್ಟಿಗೇ ಕಟ್ಟಿಸಿಕೊಂಡರು. ಹನ್ನೊಂದು ದಿನ ಹೋದೆ, ನಾಲ್ಕೂ ಗೋಡೆಗೆ ಕನ್ನಡಿ. ಅದರ ಸುದ್ದಿ ಬಿಡಿ.

ಆಮೇಲೆ ಫೋನಿನಲ್ಲಿ ಹೆಜ್ಜೆ ಎಣಿಸುವ ಹುಚ್ಚು. ದಿನಕ್ಕೆ 10,000! ರಾತ್ರಿ ಹತ್ತಕ್ಕೆ 9,200 ಆಗಿದ್ದರೆ ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಡುಗೆಮನೆಗೆ ತಿರುಗುತ್ತಿದ್ದೆ. ಆಮೇಲೆ ತಿಳೀತು, ಈ ಹತ್ತು ಸಾವಿರವನ್ನು ಹೇಳಿದ್ದು ಡಾಕ್ಟರಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಿತು, ಅದಕ್ಕಿಟ್ಟ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆ ಮೀಟರ್' ಅಂತ. ಸಾಮಾನು ಮಾರುವವರ ಹೆಸರಿಗೆ ನಾನು ರಾತ್ರಿ ಜಗುಲಿ ಸವೆಸಿದ್ದೆ ನೋಡಿ.

ಹೆಜ್ಜೆ ಅಂದರೆ ನಮಗೆ ಬೇರೆಯೇ ಅಲ್ವಾ? ಓಣಿಯ ಕೊನೆಮನೆಯ ಅಕ್ಕ ಒಂದು ದಿನ, "ವಾರಕ್ಕೆ ಮೂರು ಸಂಜೆ ಯಕ್ಷಗಾನದ ಹೆಜ್ಜೆ ಕಲಿಸ್ತಾರೆ, ಹೆಂಗಸರಿಗೇ ಅಂತ. ಬರ್ತೀಯಾ?" ಅಂದರು. ಜೊತೆಗೊಬ್ಬರು ಇದ್ದಾರಲ್ಲ ಅಂತ ಹೋದೆ.

ಗುರುಗಳು ಬಾಯಿತಾಳ ಹೇಳುತ್ತಾ ಮಣೆ ಮೇಲೆ ಕೋಲು ಕುಟ್ಟುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಬೇಕು. ಕಾಲು ಸರಿ ಬಿದ್ದರೆ ಕೈ ಮರೆಯುತ್ತೆ, ಕೈ ನೆನಪಾದರೆ ಕಣ್ಣು ನೆಲ ನೋಡುತ್ತೆ. ಮೊದಲ ದಿನ ನಾವು ಒಂಬತ್ತು ಜನ ಒಂಬತ್ತು ದಿಕ್ಕಿಗೆ ಹೋದೆವು. ನಕ್ಕೂ ನಕ್ಕೂ ಪಕ್ಕೆ ಹಿಡೀತು. ರವಿಕೆ ಪೂರ್ತಿ ಒದ್ದೆ. ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ, ಟ್ರೆಡ್‌ಮಿಲ್ ಮೇಲೆ ಒಂದೊಂದು ನಿಮಿಷವನ್ನೂ ನೋಡುತ್ತಿದ್ದವಳು ನಾನೇ. ಮಂಡಿಯಲ್ಲಿ ಕೂತು ತಿರುಗೋದನ್ನು ಮಾತ್ರ ನಲವತ್ತು ದಾಟಿದವರಿಗೆ ಹೇಳಿಕೊಡಲ್ಲ ಅಂದರು. ಮನೆಯಲ್ಲಿ ಬಾಗಿಲು ಹಾಕಿಕೊಂಡು, ಕಂಬಳಿ ಹಾಸಿ, ಕದ್ದು ತಿರುಗಿ ನೋಡಿದೆ. ಟೀಪಾಯಿ ಹೊಡೀತು.

ವಯಸ್ಸಿನ ಮಾತು ಬಂದಾಗ ನನಗೆ ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ನೆನಪಾಗುತ್ತಾರೆ. 1933ರಲ್ಲಿ ಹುಟ್ಟಿದವರು. 2012ರಲ್ಲಿ ಪದ್ಮಶ್ರೀ ಬಂತು. ಎಂಬತ್ತು ದಾಟಿದ ಮೇಲೂ ಆಟಕ್ಕೆ (ಯಕ್ಷಗಾನ ಪ್ರದರ್ಶನಕ್ಕೆ ನಮ್ಮಲ್ಲಿ ಆಟ ಅಂತಲೇ ಹೇಳೋದು) ಗೆಜ್ಜೆ ಕಟ್ಟಿದರು. ಅವರನ್ನು ನೋಡಿ ಶಿಳ್ಳೆ ಹೊಡೆದ ಊರಿನವರೇ ನಾವು, ನಲವತ್ತಕ್ಕೆ 'ಇನ್ನೇನು ವಯಸ್ಸಾಯ್ತು' ಅಂತ ಕೂರುತ್ತೇವೆ. ಅವರು ಕಲಾವಿದರು, ನಾವಲ್ಲ, ಒಪ್ಪಿದೆ. ಆದರೂ.

ಶುಗರ್ ಇಳಿಯಿತಾ ಅಂತ ಕೇಳಬೇಡಿ. ಸ್ವಲ್ಪ ಇಳಿದಿದೆ, ಮಾತ್ರೆಯೂ ನಡೆದಿದೆ. ನಾನು ಹೋಗೋದು ಅದಕ್ಕಲ್ಲ.

ಮೊನ್ನೆ ಸಂಜೆ ಜೋರು ಮಳೆ. ಕೊಡೆ ಹಿಡಿದು ಕ್ಲಾಸಿಗೆ ಹೊರಟಿದ್ದೆ. ಅದೇ ಮೂರನೇ ಸ್ಕೂಟರಿನ ಅಣ್ಣ, ರೇನ್‌ಕೋಟ್ ಒಳಗಿಂದ ಮುಖ ಹೊರಗೆ ಹಾಕಿ, "ಈ ಮಳೆಯಲ್ಲೂ ವಾಕಿಂಗಾ?" ಅಂದರು.

"ಇಲ್ಲ, ಕುಣಿಯಲಿಕ್ಕೆ."

ಒಂದು ಕ್ಷಣ ಸುಮ್ಮನಾದರು. ಆಮೇಲೆ ಸ್ಕೂಟರ್ ಆಫ್ ಮಾಡಿ ಕೇಳಿದರು, "ಆಟ ಯಾವತ್ತು?"